ಗುಲ್ಮಾರ್ಗದಲ್ಲಿ ಒಂದು ಹಗಲು

ಫಾಲ್ಗುಣವು ಮುಗಿಯುತ್ತ ಬಂದಿತೆಂದರೆ ನಮ್ಮ ಕಡೆಯ ಮನೆಗಳ ಮಹಡಿಗಳ ಮೇಲೆ ಹಪ್ಪಳ ಸಂಡಿಗೆಗಳು ಹರಡಿಕೊಳ್ಳುವುವು. ಮಕ್ಕಳು ಕೋಲು ಹಿಡಿದು ಕಾಗೆ ಕಾಯಲು ಕುಳಿತುಕೊಳ್ಳುವರು. ಯಾವ ಹೊತ್ತಿನ ಬಿಸಿಲಿಗೆ ಏನನ್ನು ಇಡಬೇಕು, ಯಾವಾಗ ತೆಗೆಯಬೇಕು ಎಂಬ ಲೆಕ್ಕವು ನಮ್ಮ ಗೃಹಿಣಿಯರಿಗೆ ಬಾಯಿಪಾಠವಾಗಿರುವುದಷ್ಟೆ. ಅದೇ ಬಿಸಿಲಿನ ಲೆಕ್ಕವನ್ನು ಹಿಮದ ಮೇಲೆ ನಿಂತು ಕಲಿಯಬೇಕಾಗಿ ಬಂದ ಒಂದು ದಿನದ ವೃತ್ತಾಂತವನ್ನು ಈ ಸಲ ವಾಚಕರ ಮುಂದೆ ಇಡುತ್ತೇವೆ. ಕಲಿತವರು ನಾವು, ಕಲಿಸಿದವನು ನಮ್ಮ ಅರ್ಧ ವಯಸ್ಸಿನ ಒಬ್ಬ ಕಾಶ್ಮೀರದ ತರುಣ. ನಡುವೆ ಒಂದು ಜಗಳವೂ ಆಯಿತು.

2024ನೆಯ ಇಸವಿಯ ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ನಾವು ಗುಲ್ಮಾರ್ಗಕ್ಕೆ ಹೋಗಿದ್ದೆವು. ನಾವೆಂದರೆ ಈ ಪುಟವನ್ನು ಬರೆಯತಕ್ಕ ನಾವು ಮಾತ್ರವಲ್ಲ; ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ನಮ್ಮ ನೆರೆಮನೆಯ ರಾಯರು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳು, ನಮ್ಮ ತಂಗಿಯ ಮಗ, ಹೀಗೆ ನಾಲ್ವರು. ಹಿಮವನ್ನು ನೋಡಿಕೊಂಡು ಬರೋಣವೆಂದು ಹುಟ್ಟಿದ ಮಾತು, ಆ ಹುಡುಗಿಯ ಬಾಯಲ್ಲಿ ಬೆಳೆದು ಬೆಳೆದು, ಹಿಮದ ಮೇಲೆ ಜಾರುವ ವಿದ್ಯೆಯನ್ನೇ ಕಲಿತು ಬರೋಣವೆಂಬಲ್ಲಿಗೆ ಬಂದು ನಿಂತಿತು. ಐವತ್ತು ದಾಟಿದವರಿಗೆ ಇದು ತಕ್ಕುದೇ ಎಂದು ನಮ್ಮ ಮನೆಯಲ್ಲಿ ಕೇಳಿದರು. ರಾಯರಿಗಂತೂ ಅರುವತ್ತೊಂದು ನಡೆಯುತ್ತಿತ್ತು. ಅವರು ವೈದ್ಯರಿಗೆ ಮೊಣಕಾಲುಗಳನ್ನು ತೋರಿಸಿ ಅನುಮತಿ ಪಡೆದುಕೊಂಡೇ ಹೊರಟರು.

ಶ್ರೀನಗರದಿಂದ ಗುಲ್ಮಾರ್ಗವು ಸುಮಾರು 50 ಕಿಲೋಮೀಟರು. ಬೆಟ್ಟದ ಬುಡದ ತಂಗ್ಮಾರ್ಗವೆಂಬ ಊರಿನಿಂದ ಕಡೆಯ 13 ಕಿಲೋಮೀಟರು ದೇವದಾರುಗಳ ನಡುವೆ ಸುತ್ತಿ ಸುತ್ತಿ ಏರುವ ದಾರಿ. ಖರ್ಚು ಕಡಿಮೆಯಾದೀತೆಂದು ನಾವು ತಂಗ್ಮಾರ್ಗದಲ್ಲಿಯೇ ಇಳಿದುಕೊಂಡು, ದಿನವೂ ಬೆಳಗ್ಗೆ ಏರಿ ಸಂಜೆ ಇಳಿಯುತ್ತಿದ್ದೆವು. ಗುಲ್ಮಾರ್ಗದ ಬಯಲೇ ಸಮುದ್ರಮಟ್ಟದಿಂದ ಸುಮಾರು 2,650 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಎಂದು ಕರೆಯುವ ತಂತಿಯ ಮೇಲಣ ತೊಟ್ಟಿಲುಗಳು ಜನರನ್ನು ಮೊದಲು ಕೊಂಗ್‌ಡೂರಿಗೂ, ಆ ಮೇಲೆ ಅಫರ್ವತ್ ಬೆಟ್ಟದ ಹೆಗಲಿಗೂ ಒಯ್ಯುವುವು. ಮೊದಲನೆಯ ಭಾಗವು 1998ರಲ್ಲಿಯೂ ಎರಡನೆಯದು 2005ರಲ್ಲಿಯೂ ಆರಂಭವಾದವು. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಮತ್ತೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಆ ಮೇಲಿನ ನಿಲ್ದಾಣವನ್ನು ಮುಟ್ಟಲಾರದು.

ಇಲ್ಲಿ ಸ್ಕೀ ಆಟವನ್ನು ಬೇರೂರಿಸಿದವರು ಆಂಗ್ಲ ಸೇನಾಧಿಕಾರಿಗಳು. 1927ರಲ್ಲಿ ಅವರು ಸ್ಕೀ ಕ್ಲಬ್ ಆಫ್ ಇಂಡಿಯಾ ಎಂಬ ಸಂಘವನ್ನು ಕಟ್ಟಿದರು. ಆದರೆ ಕನ್ನಡನಾಡಿನಿಂದ ಹೋದವರು ಅಲ್ಲಿ ನೆನೆಯಬೇಕಾದುದು ಬೇರೊಂದು ಹೆಸರನ್ನು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಜಯ ಪಡೆದುದನ್ನು ಬಹುಮಂದಿ ಬಲ್ಲರು. ಅದರ ಮರುತಿಂಗಳೇ ಅವರು ಗುಲ್ಮಾರ್ಗದಲ್ಲಿ ತಮ್ಮ ಸೇನಾವಿಭಾಗಕ್ಕಾಗಿ ಒಂದು ಸ್ಕೀ ಶಾಲೆಯನ್ನು ತೆರೆದರು. ಉನ್ನತಪ್ರದೇಶದ ಯುದ್ಧವಿದ್ಯೆಯನ್ನು ಕಲಿಸುವ ಈಗಿನ ಸೇನಾಶಾಲೆಯು ಅದರಿಂದ ಬೆಳೆದುದು. ಹಿಮವನ್ನೇ ಕಾಣದ ಕೊಡಗಿನಿಂದ ಹೋದವರೊಬ್ಬರು ಹಿಮದ ಪಾಠಶಾಲೆಯನ್ನು ಸ್ಥಾಪಿಸಿದರೆಂಬುದು ನಮಗೆ ಇಂದಿಗೂ ಸೋಜಿಗ. ಈ ಸೋಜಿಗವು ಅಲ್ಲಿಗೆ ಮುಗಿಯಲಿಲ್ಲ. ನಾವು ಹೋಗುವುದಕ್ಕೆ ಒಂದು ತಿಂಗಳ ಹಿಂದೆ, 2024ರ ಫೆಬ್ರವರಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ, ಅದೇ ಹಿಮದ ಮೇಲೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ಸ್ಕೀ ಓಟದಲ್ಲಿ ಚಿನ್ನದ ಪದಕಗಳನ್ನು ಗೆದ್ದಿದ್ದಳು. ಈ ಸಂಗತಿಯನ್ನು ರಾಯರು ಕಂಡಕಂಡವರಿಗೆಲ್ಲ ಹೇಳಿದರು.

ನಮ್ಮ ಸಾಧನೆಯನ್ನು ಹೇಳಿಕೊಳ್ಳಲು ಅಷ್ಟು ಉತ್ಸಾಹವಿಲ್ಲ. ಸ್ಕೀ ಎಂಬುದು ಆಳುದ್ದಕ್ಕೆ ತುಸು ಕಡಿಮೆಯಾದ, ಅಂಗೈಯಷ್ಟು ಅಗಲದ, ಮುಂತುದಿ ಮೇಲಕ್ಕೆ ಬಾಗಿದ ಜೋಡಿ ಪಟ್ಟಿ. ಅದಕ್ಕೆ ಸಿಕ್ಕಿಸುವ ಬೂಟುಗಳು ಕಬ್ಬಿಣದಷ್ಟು ಗಡುಸು. ಅವನ್ನು ತೊಟ್ಟು ನಡೆಯುವವನು ಮೆಟ್ಟಿಲ ಮೇಲೆ ಕರುವಿನಂತೆ ಕಾಣುವನು. ನಿಲ್ಲುವುದನ್ನು ಕಲಿಯುವುದೇ ಮೊದಲ ಪಾಠ. ಮುಂತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಅಗಲಿಸಿದರೆ ಪಟ್ಟಿಗಳು ಮೊರದ ಆಕಾರಕ್ಕೆ ಬಂದು, ಒಳಗಣ ಅಂಚುಗಳು ಹಿಮವನ್ನು ಕೆರೆದು ವೇಗವನ್ನು ತಡೆಯುವುವು. ಹೇಳುವುದು ಸುಲಭ. ಮೊದಲ ದಿನ ನಾವು ಹನ್ನೊಂದು ಸಲ ಬಿದ್ದೆವು, ಹನ್ನೆರಡನೆಯದನ್ನು ಎಣಿಸಲಿಲ್ಲ. ತಂಗಿಯ ಮಗನು ಎರಡನೆಯ ದಿನಕ್ಕೇ ತಿರುವುಗಳನ್ನು ಕಲಿತನು. ಹುಡುಗಿಯು ಮೂರನೆಯ ದಿನಕ್ಕೆ ಕಲಿತಳು. ರಾಯರು ಬ್ಯಾಂಕಿನ ಲೆಕ್ಕದಂತೆಯೇ ಒಂದೊಂದು ಅಡಿಯನ್ನೂ ಸರಿನೋಡಿಕೊಂಡು ಇಳಿದು, ನಮಗಿಂತ ಕಡಿಮೆ ಬಿದ್ದರು.

ನಮಗೆ ಕಲಿಸುತ್ತಿದ್ದ ತರುಣನ ಊರು ತಂಗ್ಮಾರ್ಗದ ಆಚೆ. ರಂಜಾನ್ ಮಾಸವು ನಡೆಯುತ್ತಿದ್ದಿತು. ಆತನು ಬೆಳಕು ಹರಿಯುವ ಮುನ್ನ ಊಟ ಮಾಡಿ ಬಂದವನು, ಸೂರ್ಯಾಸ್ತದ ವರೆಗೆ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಬಿದ್ದ ನಮ್ಮನ್ನು ಎಬ್ಬಿಸುತ್ತ, ನಮ್ಮ ಪಟ್ಟಿಗಳನ್ನು ಹೆಗಲಮೇಲೆ ಹೊರುತ್ತ, ಹಗಲೆಲ್ಲ ಬಿಸಿಲಲ್ಲಿ ಇರುತ್ತಿದ್ದನು. ಮೇಲಿನಿಂದ ಬಿಸಿಲು, ಕೆಳಗಿನ ಹಿಮದಿಂದ ಅದರ ಪ್ರತಿಫಲನ. ಕಪ್ಪು ಕನ್ನಡಕವಿಲ್ಲದೆ ಕಣ್ಣು ಬಿಡಲಾಗದು.

ಐದನೆಯ ದಿನ ಕೊಂಗ್‌ಡೂರಿಯಿಂದ ಇಳಿಯುವುದೆಂದು ಗೊತ್ತಾಗಿದ್ದಿತು. ಏಳೂವರೆಗೇ ಸಿದ್ಧರಾಗಿ ನಿಂತ ರಾಯರಿಗೆ ಆತನು, “ಹತ್ತು ಗಂಟೆಯಾಗಲಿ, ಸಾಹೇಬರೆ” ಎಂದನು. ವಸಂತದ ಹಿಮದ ಗುಣವನ್ನು ನಮಗೆ ತಿಳಿಯಹೇಳಿದುದೂ ಆಗಲೇ. ಹಗಲಿನ ಬಿಸಿಲಿಗೆ ಮೇಲ್ಪದರದ ಹಿಮವು ಕರಗುವುದು. ನಿರ್ಮಲಾಕಾಶದ ರಾತ್ರಿಯಲ್ಲಿ ಮತ್ತೆ ಹೆಪ್ಪುಗಟ್ಟುವುದು. ದಿನದಿನವೂ ಹೀಗೆ ಕರಗಿ ಹೆಪ್ಪುಗಟ್ಟಿ, ಹೂವಿನಂತಿದ್ದ ಹರಳುಗಳೆಲ್ಲ ಉರುಟು ಕಾಳುಗಳಾಗುವುವು. ಮುಂಜಾನೆ ಈ ಕಾಳುಗಳು ಒಂದಕ್ಕೊಂದು ಅಂಟಿ ಅಚ್ಚುಬೆಲ್ಲದಂತೆ ಗಟ್ಟಿಯಾಗಿರುವುವು. ಪಟ್ಟಿಯ ಅಂಚು ಅಲ್ಲಿ ನಾಟದು, ಬಿದ್ದವನು ಎಲ್ಲಿ ನಿಲ್ಲುವನೋ ಹೇಳಬಾರದು. ಬಿಸಿಲೇರಿ ಮೇಲಿನ ಒಂದೆರಡು ಬೆರಳಷ್ಟು ಸಡಿಲಿದಾಗ ಹಿಮವು ದಪ್ಪ ರವೆಯಂತಾಗುವುದು. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ. ಆ ಹದವು ಒಂದೆರಡು ಗಂಟೆ ನಿಂತರೆ ಹೆಚ್ಚು. ಅನಂತರ ನೀರು ಕೆಳಕ್ಕಿಳಿದು ಎಲ್ಲವೂ ಗಂಜಿಯಾಗುವುದು. ಮೂಡಲ ಕಡೆಗೆ ಮುಖಮಾಡಿದ ಇಳುಕಲು ಮೊದಲು ಕೆಡುವುದು, ಬಡಗಣದ್ದು ಕಡೆಗೆ. ಪಾಕದ ಎಳೆಯನ್ನು ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹತ್ತೂವರೆಗೆ ಕೊಂಗ್‌ಡೂರಿಯಿಂದ ಇಳಿಯತೊಡಗಿದೆವು. ಆ ಹೊತ್ತಿನ ವಿಷಯವನ್ನು ಹೇಗೆ ಬರೆಯಬೇಕೋ ತಿಳಿಯದು. ನಾಲ್ಕು ದಿನ ನಮ್ಮ ಮಾತನ್ನು ಕೇಳದ ಕಾಲುಗಳು ಅಂದು ಕೇಳಿದವು. ಪಟ್ಟಿಗಳ ಕೆಳಗೆ ಹಿಮವು ಸರ್ರೆಂದು ಸದ್ದುಮಾಡುತ್ತಿದ್ದಿತು. ತೂಕವನ್ನು ಹೊರಗಿನ ಕಾಲಿಗೆ ಕೊಟ್ಟರೆ ತಾನಾಗಿಯೇ ತಿರುಗುತ್ತಿದ್ದೆವು. ಮುಂದೆ ತರುಣನು, ಅವನ ಹಿಂದೆ ಮಕ್ಕಳಿಬ್ಬರು, ಕಡೆಯಲ್ಲಿ ನಾವು. ನಮ್ಮ ಮುಂದೆ ರಾಯರು ಕೈಗಳೆರಡನ್ನೂ ತಂಬಿಗೆ ಹಿಡಿದವರಂತೆ ಮುಂದಕ್ಕೆ ಚಾಚಿಕೊಂಡು ಹೋಗುತ್ತಿದ್ದರು. ಅವರ ಬಾಯಿಂದ ಏನೋ ಕೇಳಿಬರುತ್ತಿದ್ದಿತು. ಮಂತ್ರವೆಂದುಕೊಂಡೆವು, ಹತ್ತಿರ ಹೋದರೆ ನಗು. ಆಯಾ ವಯಸ್ಸಿಗೆ ಆಯಾ ಸುಖವೆಂಬ ಲೆಕ್ಕದ ಪುಸ್ತಕವನ್ನು ಅವರು ಎಂದೋ ಮುಚ್ಚಿಟ್ಟಿದ್ದರು. ಹೆಂಡತಿಯನ್ನು ಕಳೆದುಕೊಂಡ ಮೂರು ವರ್ಷಗಳಲ್ಲಿ ಅವರು ಹಾಗೆ ನಕ್ಕುದನ್ನು ನಾವು ಕಂಡಿರಲಿಲ್ಲ.

ಎರಡನೆಯ ಸಲ ಏರಿ ಇಳಿದೆವು. ಮೂರನೆಯ ಸಲ ಕೊಂಗ್‌ಡೂರಿಯನ್ನು ಮುಟ್ಟಿದಾಗ ಗಂಟೆ ಒಂದಾಗಿದ್ದಿತು. ಮನೆಯಿಂದ ತಂದಿದ್ದ ಚಟ್ನಿಪುಡಿಯನ್ನು ಚಪಾತಿಗೆ ಹಚ್ಚಿಕೊಂಡು ತಿಂದು, ಕೇಸರಿ ಬಾದಾಮಿಗಳನ್ನು ಹಾಕಿದ ಕಾಹ್ವಾ ಕುಡಿದೆವು. ತರುಣನು ದೂರದಲ್ಲಿ ನಿಂತು ತನ್ನ ಕೋಲನ್ನು ಹಿಮದಲ್ಲಿ ಅಲ್ಲಲ್ಲಿ ಊರಿ ನೋಡುತ್ತಿದ್ದನು. ಬಂದು, “ಇವತ್ತಿಗೆ ಸಾಕು, ಗೊಂಡೋಲಾದಲ್ಲಿ ಕುಳಿತು ಇಳಿಯೋಣ” ಎಂದನು.

ರಾಯರಿಗೆ ಇದು ಸಮ್ಮತವಾಗಲಿಲ್ಲ. ಒಂದೇ ಒಂದು ಸಲ ಇಳಿಯೋಣವೆಂದರು. ಆತನು ಆಗದೆಂದನು. ಇಡೀ ದಿನದ ಹಣವನ್ನು ಕೊಟ್ಟಿರುವೆವಲ್ಲ ಎಂದರು. ಆತನು ಸುಮ್ಮನಿದ್ದನು. ಆಗ ರಾಯರು ನಮ್ಮ ಕಡೆಗೆ ತಿರುಗಿ, ಕನ್ನಡದಲ್ಲಿ, “ಉಪವಾಸವಲ್ಲವೇ, ಕೈಲಾಗುತ್ತಿಲ್ಲ. ಅದನ್ನು ಹೇಳಲಾರದೆ ಹಿಮದ ಮೇಲೆ ಹಾಕುತ್ತಿದ್ದಾನೆ” ಎಂದರು. ಮಾತು ಕನ್ನಡವಾದರೇನು, ರೋಜಾ ಎಂದು ಕೈಸನ್ನೆಯಲ್ಲಿ ಬಾಯಿಯನ್ನು ತೋರಿಸಿದುದು ಆತನಿಗೆ ತಿಳಿಯದೆ ಇದ್ದೀತೆ? ನಾವೂ ಆ ಕ್ಷಣದಲ್ಲಿ ಅದನ್ನು ಅರ್ಧ ನಂಬಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮಗಳು ಮಾತ್ರ, “ಅಣ್ಣಾ, ಹಾಗೆನ್ನಬೇಡಿ” ಎಂದಳು. (ಅವರ ಮನೆಯಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವುದು.)

ತರುಣನು ಸಿಟ್ಟಾಗಲಿಲ್ಲ. “ಅರ್ಧ ದಿನದ ಹಣವನ್ನು ಹಿಂದಕ್ಕೆ ಕೊಡುವೆನು, ಸಾಹೇಬರೆ. ಕರೆದುಕೊಂಡು ಹೋಗಲಾರೆ” ಎಂದನು. ಆ ಬಳಿಕ ತನ್ನ ಕೋಲನ್ನು ರಾಯರ ಕೈಗೆ ಕೊಟ್ಟು, ಊರಿ ನೋಡಿರೆಂದನು. ಬೆಳಗ್ಗೆ ನಾಲ್ಕು ಬೆರಳೂ ಇಳಿಯದಿದ್ದ ಕೋಲು ಮೊಳದುದ್ದ ಇಳಿಯಿತು. ಇಂಥ ಹಿಮದಲ್ಲಿ ಪಟ್ಟಿಯು ಹೂತು ನಿಲ್ಲುವುದು, ಮೈ ಮಾತ್ರ ಮುಂದಕ್ಕೆ ಹೋಗುವುದು. ನಡುವೆ ಸಿಕ್ಕುವುದು ಮೊಣಕಾಲು. ಇನ್ನು ಕಡಿದಾದ ಕಡೆಗಳಲ್ಲಿ, ಒಳಗೆ ಇಳಿದ ನೀರು ಪದರಗಳ ಹಿಡಿತವನ್ನು ಬಿಡಿಸಿ, ಹಿಮವೆಲ್ಲ ಒಟ್ಟಿಗೆ ಜಾರುವುದುಂಟು. ಹಿಮಕುಸಿತದ ನೆನಪು ಆ ವರ್ಷ ಅಲ್ಲಿನವರಿಗೆ ಹಸಿಯಾಗಿಯೇ ಇದ್ದಿತು; ಫೆಬ್ರವರಿ 22ರಂದು ಗುಲ್ಮಾರ್ಗದ ಮೇಲಣ ಇಳುಕಲಿನಲ್ಲಿ ಒಂದು ಕುಸಿತಕ್ಕೆ ಸಿಕ್ಕಿ ರಷ್ಯಾ ದೇಶದವನೊಬ್ಬನು ಪ್ರಾಣ ಬಿಟ್ಟಿದ್ದನು.

ಮರುಮಾತಿಲ್ಲದೆ ತೊಟ್ಟಿಲಲ್ಲಿ ಕುಳಿತು ಇಳಿದೆವು. ಕೆಳಗಿನ ಇಳುಕಲಿನಲ್ಲಿ ಬೇರೆ ತಂಡಗಳು ಆಗಲೂ ಇಳಿಯುತ್ತಿದ್ದವು. ಅದನ್ನು ಕಂಡು ರಾಯರ ಮುಖವು ಮತ್ತೆ ಬಿಗಿಯಿತು. ಬಯಲನ್ನು ಸೇರಿ ಬೂಟುಗಳನ್ನು ಬಿಚ್ಚುತ್ತಿದ್ದಾಗ ಆ ತಂಡಗಳಲ್ಲೊಂದರ ಗೃಹಸ್ಥನನ್ನು ಮರದ ಜಾರುಬಂಡಿಯ ಮೇಲೆ ಮಲಗಿಸಿ ಎಳೆದು ತಂದರು. ಕಾಲು ಮುರಿದಿರಲಿಲ್ಲ, ತಿರುಚಿತ್ತು. ಉಳಿದವರೆಲ್ಲರೂ ನಗುನಗುತ್ತ ಸುಖವಾಗಿಯೇ ಇಳಿದರೆಂಬುದನ್ನೂ ಹೇಳದಿದ್ದರೆ ಬರೆಹಕ್ಕೆ ಅನ್ಯಾಯವಾದೀತು. ತರುಣನು ಆ ಜಾರುಬಂಡಿಯನ್ನು ನಮಗೆ ತೋರಿಸಲೂ ಇಲ್ಲ. ಬಾಡಿಗೆಯ ಪಟ್ಟಿಗಳನ್ನು ಒರಸಿ ಅಂಗಡಿಗೆ ಒಪ್ಪಿಸುವುದರಲ್ಲಿ ತೊಡಗಿದ್ದನು.

ಮಧ್ಯಾಹ್ನವೆಲ್ಲ ಆತನು ನಮ್ಮ ಸಂಗಡವೇ ಇದ್ದುದರಿಂದ ಬಾಳುವೆಯ ಮಾತುಗಳು ಬಂದವು. ಈ ಕೆಲಸವು ವರ್ಷಕ್ಕೆ ಮೂರು ತಿಂಗಳು. ಉಳಿದಂತೆ ಮನೆಯವರ ಸೇಬಿನ ತೋಟ. ಆ ವರ್ಷದ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಹಿಮವಿಲ್ಲದೆ ಕಂದು ಹುಲ್ಲಾಗಿಯೇ ಇದ್ದಿತು. ಸ್ಕೀ ಬಾಡಿಗೆಯವರು, ಜಾರುಬಂಡಿ ಎಳೆಯುವವರು, ಕಲಿಸುವವರು, ಎಲ್ಲರೂ ಆಕಾಶವನ್ನು ನೋಡುತ್ತ ಕುಳಿತಿದ್ದರು. ತಿಂಗಳ ಕೊನೆಗೆ ಹಿಮ ಬಿದ್ದಿತು. ಮಳೆ ಬಾರದ ಆಷಾಢದಲ್ಲಿ ನಮ್ಮ ರೈತರು ಕುಳಿತುಕೊಳ್ಳುವಂತೆಯೇ. ಮರುವರ್ಷವೂ ಹೀಗೆಯೇ ಆಗಿ, 2025ರ ಫೆಬ್ರವರಿಗೆ ಗೊತ್ತಾಗಿದ್ದ ಹಿಮದ ಕ್ರೀಡೆಗಳು ಹಿಮ ಸಾಲದೆ ಮುಂದಕ್ಕೆ ಹೋಗಿ ಮಾರ್ಚ್ 9ರಿಂದ 12ರ ವರೆಗೆ ನಡೆದವು. ಮೂರು ತಿಂಗಳ ದುಡಿಮೆಯಲ್ಲಿ ಒಂದು ತಿಂಗಳು ಹೋದವನು ಅರ್ಧ ದಿನದ ಹಣವನ್ನು ಹಿಂದಕ್ಕೆ ಕೊಡುವೆನೆಂದಿದ್ದನು. ರಾಯರು ಈ ಮಾತುಗಳನ್ನೆಲ್ಲ ಕೇಳಿಸಿಕೊಂಡು, ತಮ್ಮ ಕೈಚೀಲಗಳನ್ನು ಒಂದರೊಳಗೊಂದು ಮಡಿಸುತ್ತಿದ್ದರು.

ಐದೂವರೆಗೆ ಮೋಟಾರಿನಲ್ಲಿ ಹೊರಟು, ಸಾಲುಗಟ್ಟಿದ ವಾಹನಗಳ ನಡುವೆ ನಿಧಾನವಾಗಿ ಇಳಿದೆವು. ತಂಗ್ಮಾರ್ಗದ ಪೇಟೆಯಲ್ಲಿ ರಾಯರು ನಿಲ್ಲಿಸಹೇಳಿ, ಯಾರಿಗೂ ಏನನ್ನೂ ಹೇಳದೆ ಇಳಿದುಹೋದರು. ಸ್ವಲ್ಪ ಹೊತ್ತಿಗೆ ಒಂದು ಕಾಗದದ ಪೊಟ್ಟಣದೊಡನೆ ಬಂದು, ಅದನ್ನು ತರುಣನ ತೊಡೆಯ ಮೇಲಿಟ್ಟು ತಮ್ಮ ಜಾಗದಲ್ಲಿ ಕುಳಿತರು. ಖರ್ಜೂರ. ಮಸೀದಿಯಿಂದ ಬಾಂಗು ಕೇಳಿಸಿತು. ಆತನು ಪೊಟ್ಟಣವನ್ನು ಬಿಚ್ಚಿ, ಕಣ್ಣುಮುಚ್ಚಿ ಪ್ರಾರ್ಥನೆಯನ್ನು ಹೇಳಿಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡನು. ಒಂದನ್ನು ಚಾಲಕನಿಗೆ ಕೊಟ್ಟನು. ಆ ಮೇಲೆ ಪೊಟ್ಟಣವನ್ನು ಹಿಂದಕ್ಕೆ ಚಾಚಿ ರಾಯರ ಮುಂದೆ ಹಿಡಿದನು. ರಾಯರು ಒಂದನ್ನು ತೆಗೆದುಕೊಂಡರು.

“ನಾಳೆ ಎಷ್ಟು ಹೊತ್ತಿಗೆ ಬರಬೇಕಪ್ಪ?” ಎಂದು ಕೇಳಿದರು.

ಆತನು ಕಿಟಕಿಯಿಂದ ತಲೆಯನ್ನು ಹೊರಗೆ ಹಾಕಿ ಆಕಾಶವನ್ನು ನೋಡಿದನು. ಅಫರ್ವತದ ಮೇಲೆ ಮೋಡ ಕವಿಯುತ್ತಿದ್ದಿತು. ಮೋಡವಿದ್ದ ರಾತ್ರಿ ಹಿಮವು ಹೆಪ್ಪುಗಟ್ಟದೆಂದೂ, ಬೆಳಗ್ಗೆ ನೋಡಿಕೊಂಡು ಫೋನು ಮಾಡುವೆನೆಂದೂ ಹೇಳಿ ಇಳಿದನು. ಮರುದಿನ ಫೋನು ಬಂದಿತು, ಮಳೆಯೂ ಬಂದಿತು. ರಾಯರು ಹಗಲೆಲ್ಲ ಕಿಟಕಿಯ ಬಳಿ ಕುಳಿತು ಮಕ್ಕಳ ಸಂಗಡ ಇಸ್ಪೀಟಾಡಿದರು.