ಸೂತಕ ಅಳಿಯಿತು, ನೋವು ಉಳಿಯಿತು

12ನೆಯ ಶತಮಾನದ ಶಿವಶರಣರು ನಿರಾಕರಿಸಿದ ಸೂತಕಗಳು ಐದು: ಜನನಸೂತಕ, ಮರಣಸೂತಕ, ರಜಸ್ಸೂತಕ, ಜಾತಿಸೂತಕ, ಎಂಜಲುಸೂತಕ. ಇವುಗಳಲ್ಲಿ ರಜಸ್ಸೂತಕದ ನಿರಾಕರಣೆಯು ಸ್ತ್ರೀಕುಲಕ್ಕೆ ಸಂದ ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದ ಹೆಣ್ಣಿಗೆ ತಿಂಗಳಿನ ಆ ದಿನಗಳಲ್ಲಿಯೂ ಪೂಜೆ ನಿಲ್ಲದು. ಆಕೆಗೆ ಅಡುಗೆಮನೆಯ ಬಾಗಿಲು ಮುಚ್ಚದು. ಆಕೆ ಹೊರಗೆ ಕೂರಬೇಕಾಗಿಲ್ಲ. ವಚನಗಳಲ್ಲಿ ಮಾತ್ರವಲ್ಲದೆ ಸಂಸ್ಕೃತದ ಸಿದ್ಧಾಂತಶಿಖಾಮಣಿಯಲ್ಲಿಯೂ ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದ ಸೂತಕವಿಲ್ಲವೆಂಬ ಮಾತು ಸ್ಪಷ್ಟವಾಗಿದೆ. ಕೆಲವು ಮನೆಗಳಲ್ಲಿ ಇಂದಿಗೂ ಇದಕ್ಕೆ ವಿರುದ್ಧವಾದ ನಡೆ ಕಾಣುವುದುಂಟು. ಅದು ನಡೆಯ ದೋಷವೇ ಹೊರತು ತತ್ತ್ವದ ದೋಷವಲ್ಲ.

ಆದರೆ ಸೂತಕ ಅಳಿದ ಮಾತ್ರಕ್ಕೆ ನೋವು ಅಳಿಯಲಿಲ್ಲ. ಆಚಾರದಿಂದ ತೊಲಗಿದ ಸೂತಕವು ಮಾತಿನಲ್ಲಿ ಸಂಕೋಚದ ರೂಪ ತಾಳಿ ಉಳಿದುಕೊಂಡಿತು. ಇದಕ್ಕೆ ಭಾಷೆಯೇ ಸಾಕ್ಷಿ. ‘ಮುಟ್ಟು’ ಎಂದರೆ ಸ್ಪರ್ಶ; ಸ್ಪರ್ಶವು ನಿಷಿದ್ಧವಾದ ದಿನಗಳಿಗೇ ಆ ಹೆಸರು ನಿಂತಿತು. ‘ಹೊರಗಾದಳು’, ‘ದೂರ ಕುಳಿತಳು’, ‘ಕಾಗೆ ಮುಟ್ಟಿತು’ ಎಂಬ ನುಡಿಗಟ್ಟುಗಳು ಹೆಣ್ಣು ಎಲ್ಲಿರಬೇಕೆಂಬುದನ್ನು ಸೂಚಿಸುತ್ತವೆಯೇ ವಿನಾ ಆಕೆಗೆ ಏನಾಗುತ್ತಿದೆ ಎಂಬುದನ್ನಲ್ಲ. ಸಂಸ್ಕೃತದ ‘ಪುಷ್ಪವತಿ’ ಎಂಬ ಮಾತು ಸುಂದರವಾದುದೇ. ಅದರಲ್ಲಿಯೂ ನೋವಿನ ಸುಳಿವಿಲ್ಲ. ಹೀಗಾಗಿ 8ನೆಯ ತರಗತಿಯ ಬಾಲಿಕೆ ತನ್ನ ರಜಾ ಅರ್ಜಿಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಬರೆಯುತ್ತಾಳೆ. ಉಪಾಧ್ಯಾಯರು ಅದನ್ನು ಅಜೀರ್ಣವೆಂದೋ, ಮನೆಪಾಠ ಮಾಡದವಳ ನೆಪವೆಂದೋ ಭಾವಿಸುತ್ತಾರೆ. ತಿಳಿದವರು ತಿಳಿಯದವರಂತೆ ರುಜು ಹಾಕುತ್ತಾರೆ. ತಿಂಗಳಿಗೆ 2 ದಿನಗಳಂತೆ ಲೆಕ್ಕ ಹಿಡಿದರೂ 10 ತಿಂಗಳ ಶಾಲಾವರ್ಷದಲ್ಲಿ 20 ದಿನಗಳ ಪಾಠ ಆ ಒಂದು ಪದದಲ್ಲಿ ಮುಳುಗಿಹೋಗುತ್ತದೆ.

ಇಂಥ ವಿಷಯವನ್ನು ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಚರ್ಚಿಸುವುದು ಉಚಿತವೇ ಎಂದು ಹಿರಿಯರು ಕೇಳಬಹುದು. ಔಚಿತ್ಯವೇ ಕಾವ್ಯದ ಜೀವವೆಂದು ಬಗೆದ ಕ್ಷೇಮೇಂದ್ರನ ಮತದಂತೆ, ಒಡವೆಯೂ ಸ್ಥಾನ ತಪ್ಪಿದರೆ ನಗೆಪಾಟಲಾಗುತ್ತದೆ. ಮೌನವೂ ಒಂದು ಒಡವೆಯೇ. ವೇದನೆಯಿಂದ ಬೆಂಚಿನ ಮೇಲೆ ಬಾಗಿ ಕುಳಿತ ಮಗುವಿನ ಮುಂದೆ ತೊಟ್ಟ ಮೌನ ಮಾತ್ರ ಸ್ಥಾನ ತಪ್ಪಿದ ಒಡವೆ.

ಪ್ರಾಚೀನರು ಈ ವಿಷಯದಲ್ಲಿ ಮೌನಿಗಳಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುವ 20 ಯೋನಿವ್ಯಾಪತ್ತುಗಳಲ್ಲಿ ‘ಉದಾವರ್ತಿನೀ’ ಎಂಬುದೊಂದು. ಕೆಳಮುಖವಾಗಿ ಚಲಿಸಬೇಕಾದ ವಾತವು ಮೇಲ್ಮುಖವಾದುದರಿಂದ ರಜಸ್ಸು ಕಷ್ಟದಿಂದ ಹೊರಬರುವುದೆಂದೂ, ಸ್ರಾವವಾದೊಡನೆ ಸುಖವೆನಿಸುವುದೆಂದೂ ಆ ಗ್ರಂಥದ ವಿವರಣೆ. ವಾತಕ್ಕೆ ಸ್ನೇಹನ, ಸ್ವೇದನಗಳು, ಅಂದರೆ ಎಣ್ಣೆ ಮತ್ತು ಶಾಖ, ಉಪಶಮನಗಳು. ವಾತವೆಂಬ ಕಾರಣವನ್ನು ಆಧುನಿಕ ವೈದ್ಯರು ಒಪ್ಪಲಿ ಬಿಡಲಿ, ನೋವನ್ನು ನೋವೆಂದು ಗುರುತಿಸಿ ಅದಕ್ಕೆ ಹೆಸರಿಟ್ಟು ಉಪಚಾರವನ್ನು ಅರಸಿದ ಪ್ರಾಮಾಣಿಕತೆ ಅಲ್ಲಿದೆ.

ಆಧುನಿಕ ವಿಜ್ಞಾನವು ಕಾರಣವನ್ನು ಇನ್ನೂ ನಿಖರವಾಗಿ ತೋರಿಸಿಕೊಟ್ಟಿದೆ. ಗರ್ಭಕೋಶದ ಒಳಪೊರೆ ಕಳಚುವ ಕಾಲದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಬಿಡುಗಡೆಯಾಗುತ್ತವೆ. ಇವು ಗರ್ಭಕೋಶದ ಸ್ನಾಯುವನ್ನು ಬಲವಾಗಿ ಹಿಂಡುತ್ತವೆ. ಹಿಂಡಿದ ಸ್ನಾಯುವಿಗೆ ರಕ್ತಸಂಚಾರ ತಗ್ಗುತ್ತದೆ. ರಕ್ತ ಸಾಲದ ಸ್ನಾಯು ನೋಯುತ್ತದೆ. ಅವೇ ದ್ರವ್ಯಗಳಿಂದ ವಾಕರಿಕೆ, ಭೇದಿ, ತಲೆನೋವುಗಳೂ ಉಂಟಾಗಬಹುದು. ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಕೆರಳಿಸುವ ದ್ರವ್ಯವಿದೆಯೆಂದು ಬ್ರಿಟನ್ನಿನ ವಿಜ್ಞಾನಿ ಪಿಕಲ್ಸ್ 1957ರಲ್ಲಿಯೇ ಪ್ರಕಟಿಸಿದರು. ಆಸ್ಪಿರಿನ್ ವರ್ಗದ ಔಷಧಗಳು ಪ್ರೊಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನು ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಪ್ರೊಸ್ಟಗ್ಲಾಂಡಿನ್ನುಗಳ ಸಂಶೋಧನೆಗಾಗಿ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮುವೆಲ್ಸನ್ನರೊಡನೆ 1982ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅಂದಮೇಲೆ ಈ ನೋವು ಕಲ್ಪನೆಯಲ್ಲ, ಮೈಗಳ್ಳತನವಲ್ಲ, ಮನೋದೌರ್ಬಲ್ಯವೂ ಅಲ್ಲ. ಕಾರಣ ತಿಳಿದು ಅರ್ಧ ಶತಮಾನ ಕಳೆದರೂ ಪರಿಹಾರವು ಬಾಲಿಕೆಯ ಕೈಗೆ ಎಟುಕದಿರುವುದಕ್ಕೆ ಅಡ್ಡಿಯಾಗಿರುವುದು ಬಹುಮಟ್ಟಿಗೆ ಬಾಯಿ ಬಿಡದ ಸಂಕೋಚವೇ.

ಈ ನೋವು ಸಾಮಾನ್ಯವಾಗಿ ಮೊದಲ ಮುಟ್ಟಾದ ಆರು ತಿಂಗಳಿಂದ ಒಂದೆರಡು ವರ್ಷಗಳೊಳಗೆ, ಅಂದರೆ ಪ್ರೌಢಶಾಲೆಯ ವಯಸ್ಸಿನಲ್ಲಿಯೇ, ತಲೆದೋರುತ್ತದೆ. ಸ್ರಾವದೊಡನೆ ಅಥವಾ ಅದಕ್ಕೆ ಕೆಲವು ಗಂಟೆ ಮೊದಲು ಆರಂಭವಾಗಿ ಎರಡು ಮೂರು ದಿನಗಳಲ್ಲಿ ಅಡಗುತ್ತದೆ. ಸರಳವಾದ ಮೊದಲ ಉಪಚಾರವೆಂದರೆ ಶಾಖ. ಕಿಬ್ಬೊಟ್ಟೆಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಎಡೆಬಿಡದೆ ಕೊಟ್ಟರೆ ಐಬುಪ್ರೊಫೆನ್ ಮಾತ್ರೆಗೆ ಸಮಾನವಾದ ಉಪಶಮನ ದೊರೆಯುವುದೆಂದು 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಕಂಡುಕೊಂಡಿತು. ಚರಕನ ಸ್ವೇದನವೂ ಅಜ್ಜಿಯ ಬಿಸಿಬಟ್ಟೆಯ ಶಾಖವೂ ವ್ಯರ್ಥವಾಗಿರಲಿಲ್ಲ. ರಬ್ಬರ್ ಚೀಲಕ್ಕೆ ಕುದಿಯುವ ನೀರನ್ನು ತುಂಬದೆ, ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕೊಡುವುದು ಕ್ಷೇಮ. ನಡಿಗೆ, ಆಸನ, ಲಘು ವ್ಯಾಯಾಮಗಳ ನಿತ್ಯಾಭ್ಯಾಸವೂ ನೋವನ್ನು ತಗ್ಗಿಸುತ್ತದೆ. ಆದುದರಿಂದ ಆ ದಿನಗಳಲ್ಲಿ ಆಟದ ಮೈದಾನವನ್ನು ಆಕೆಗೆ ನಿಷೇಧಿಸುವುದೂ ಸಲ್ಲದು, ನೋಯುವವಳನ್ನು ಕವಾಯತಿಗೆ ಬಲವಂತವಾಗಿ ನಿಲ್ಲಿಸುವುದೂ ಸಲ್ಲದು. ಶುಂಠಿಯ ವಿಷಯದಲ್ಲಿ ಕೆಲವು ಸಣ್ಣ ಪರೀಕ್ಷೆಗಳು ಅನುಕೂಲಕರವಾದ ಫಲ ಕಂಡಿವೆ. ಜೀರಿಗೆ, ಓಮದ ಕಷಾಯಗಳು ಬೆಚ್ಚಗಿನ ಪಾನೀಯಗಳಾಗಿ ಹಿತವೆನಿಸಬಹುದು. ಅವುಗಳನ್ನೇ ನಂಬಿ ವೈದ್ಯರನ್ನು ದೂರವಿಡಬಾರದು.

ಶಾಖದಿಂದ ತಗ್ಗದ ನೋವಿಗೆ ಔಷಧ ಬೇಕು. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಮೊದಲಾದವು ಪ್ರೊಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೇ ತಡೆಯುವುದರಿಂದ ನೋವು ಹತ್ತುವ ಮೊದಲು ಅಥವಾ ಹತ್ತಿದೊಡನೆ ತೆಗೆದುಕೊಂಡರೆ ಹೆಚ್ಚು ಫಲಕಾರಿ. ‘ತಡೆಯಲಾರದಾಗ ಮಾತ್ರ ಮಾತ್ರೆ’ ಎಂಬ ರೂಢಿ ಇಲ್ಲಿ ಹೊಂದುವುದಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಇವು ಹಿತವಲ್ಲ. ಮುಂಜಾನೆಯ ಬಸ್ಸು ಹಿಡಿಯುವ ಅವಸರದಲ್ಲಿ ಉಪಾಹಾರವಿಲ್ಲದೆ ಬರುವ ಹಳ್ಳಿಯ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಲಾಗದು. ಜಠರದ ಹುಣ್ಣು, ಮೂತ್ರಪಿಂಡದ ರೋಗ ಉಳ್ಳವರಿಗೂ, ಇಂಥ ಔಷಧಗಳಿಂದ ಉಬ್ಬಸ ಕೆರಳುವವರಿಗೂ, ಡೆಂಗೀ ಜ್ವರದ ಶಂಕೆಯಿರುವವರಿಗೂ ಇವು ಸಲ್ಲವು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮೆಫೆನಾಮಿಕ್ ಆಮ್ಲದಿಂದ ವಿರಳವಾಗಿ ಜ್ವರ, ದದ್ದುಗಳೊಡನೆ ಒಳಾಂಗಗಳಿಗೂ ತಗಲುವ ತೀವ್ರ ಪ್ರತಿಕ್ರಿಯೆ ಉಂಟಾಗಬಹುದೆಂದು ಭಾರತೀಯ ಔಷಧಸಂಹಿತಾ ಆಯೋಗವು 2023ರಲ್ಲಿ ಎಚ್ಚರಿಸಿದೆ. ವೈದ್ಯರ ಸಲಹೆ ಪಡೆದು ಪ್ರಮಾಣವರಿತು ಬಳಸಿದರೆ ಔಷಧ. ಅಂಗಡಿಯಾತ ಕೊಟ್ಟದ್ದನ್ನು ನುಂಗಿದರೆ ಅಪಾಯ.

ಎಲ್ಲ ನೋವೂ ಸಾಮಾನ್ಯವಲ್ಲವೆಂಬುದನ್ನೂ ಅರಿಯಬೇಕು. ಮೂರು ತಿಂಗಳು ಕ್ರಮವಾಗಿ ಔಷಧ ಸೇವಿಸಿಯೂ ತಗ್ಗದ ನೋವು, ತಿಂಗಳಿಂದ ತಿಂಗಳಿಗೆ ಏರುವ ನೋವು, ಮುಟ್ಟಿಲ್ಲದ ದಿನಗಳಲ್ಲಿಯೂ ಕಾಡುವ ನೋವು, ಎಂಟು ದಿನ ಮೀರುವ ಅಥವಾ ಗಂಟೆಗೊಮ್ಮೆ ಬಟ್ಟೆ ಬದಲಿಸುವಷ್ಟು ಮಿತಿಮೀರಿದ ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಸ್ತ್ರೀರೋಗತಜ್ಞರನ್ನು ಕಾಣಬೇಕು. ಗರ್ಭಕೋಶದ ಒಳಪೊರೆಯಂತಹ ಅಂಗಾಂಶವು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿ ಹೀಗೆಯೇ ಆರಂಭವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಪ್ರಾಯದ ಸ್ತ್ರೀಯರಲ್ಲಿ ಸುಮಾರು 100ಕ್ಕೆ 10 ಮಂದಿ ಇದಕ್ಕೆ ಈಡಾಗಿದ್ದಾರೆ. ‘ಮದುವೆಯಾದರೆ ಸರಿಹೋಗುತ್ತದೆ’, ‘ಒಂದು ಹೆರಿಗೆಯಾದರೆ ನಿಲ್ಲುತ್ತದೆ’ ಎಂಬ ಸಮಾಧಾನಗಳು ಇಂಥವರ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡಿವೆ. ಹೆರಿಗೆಯ ಬಳಿಕ ಅನೇಕರಿಗೆ ನೋವು ತಗ್ಗುವುದು ನಿಜ. ಆದರೆ 14 ವರ್ಷದ ಬಾಲಿಕೆಗೆ ಅದು ಹೇಳತಕ್ಕ ಪರಿಹಾರವಲ್ಲ.

ಸರಕಾರಗಳೂ ಕೈಕಟ್ಟಿ ಕುಳಿತಿಲ್ಲ. ಕರ್ನಾಟಕದ ‘ಶುಚಿ’ ಯೋಜನೆ ವಿದ್ಯಾರ್ಥಿನಿಯರಿಗೆ ಸ್ಯಾನಿಟರಿ ಪ್ಯಾಡುಗಳನ್ನು ಒದಗಿಸಲು ಹುಟ್ಟಿದುದು. ಅದು ಶ್ಲಾಘ್ಯವೇ, ಆದರೆ ಪ್ಯಾಡು ರಕ್ತವನ್ನು ಹೀರುತ್ತದೆ, ನೋವನ್ನು ಹೀರುವುದಿಲ್ಲ. ಬಿಹಾರವು 1992ರಲ್ಲಿಯೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ 2 ದಿನಗಳ ರಜೆ ಕೊಟ್ಟಿತು. ಕರ್ನಾಟಕದ ಸಚಿವಸಂಪುಟವು 2025ರ ಅಕ್ಟೋಬರಿನಲ್ಲಿ ಉದ್ಯೋಗಸ್ಥ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ಸವೇತನ ರಜೆಗೆ ಒಪ್ಪಿಗೆಯಿತ್ತಿತು. ದುಡಿಯುವವರಿಗೆ ರಜೆ ನ್ಯಾಯ. ಕಲಿಯುವ ಬಾಲಿಕೆಗೆ ರಜೆಯೊಂದೇ ಸಾಲದು. ರಜೆಯಲ್ಲಿ ನೋವೂ ತಪ್ಪದು, ಪಾಠವೂ ದಕ್ಕದು. ಆಕೆಗೆ ಮೊದಲು ಬೇಕಾದುದು ನೋವಿನ ಉಪಶಮನ. ಅದು ಸಿದ್ಧಿಸಿದರೆ ಬಹುಮಂದಿ ರಜೆಯನ್ನೇ ಕೇಳರು.

ಹಾಗಾದರೆ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆ ಮಾಡಬೇಕಾದುದೇನು? ಅದು ದೊಡ್ಡ ಕಾರ್ಯವಲ್ಲ. ಶಾಲೆಯಲ್ಲಿ ಗಾಳಿ ಬೆಳಕುಳ್ಳ ಒಂದು ಕಿರುಕೊಠಡಿ. ಅದರಲ್ಲಿ ಎರಡು ಮಂಚ, ನೀರು ಕಾಯಿಸುವ ಸಾಧನ, ನಾಲ್ಕಾರು ರಬ್ಬರ್ ಚೀಲಗಳು. ಬಳಿಯಲ್ಲಿಯೇ ನೀರಿನ ಸೌಕರ್ಯವುಳ್ಳ ಶೌಚಾಲಯ. ವರ್ಷಾರಂಭದಲ್ಲಿ ತಾಯಂದಿರ ಸಭೆ ಕರೆದು, ವೈದ್ಯರಿಂದ ತಿಳಿವಳಿಕೆ ಕೊಡಿಸಿ, ಯಾವ ಬಾಲಿಕೆಗೆ ಯಾವ ಔಷಧ ಸಲ್ಲುವುದೆಂಬುದಕ್ಕೆ ಪೋಷಕರ ಲಿಖಿತ ಒಪ್ಪಿಗೆ ಪಡೆದಿಡುವುದು. ಗಂಡುಮಕ್ಕಳಿಗೂ ಶರೀರವಿಜ್ಞಾನದ ಆ ಪಾಠವನ್ನು ಹಾಳೆ ಮಗುಚದೆ ಬೋಧಿಸುವುದು. ಉಪಾಧ್ಯಾಯಿನಿಯರು ‘ನಾವು ಸಹಿಸಲಿಲ್ಲವೇ’ ಎಂಬ ಮಾತನ್ನು ಕೈಬಿಡುವುದು. ತಾವು ಸಹಿಸಿದ್ದನ್ನು ಮುಂದಿನವರು ಸಹಿಸದಂತೆ ನೋಡಿಕೊಳ್ಳುವುದೇ ಗುರುವಿನ ಹಿರಿತನ. ಬಾಲಿಕೆಯರು ರಜಾ ಅರ್ಜಿಯಲ್ಲಿ ‘ಮುಟ್ಟಿನ ನೋವು’ ಎಂದು ಅಂಜದೆ ಬರೆಯಬಲ್ಲ ದಿನ ಬಂದರೆ ಅರ್ಧ ಚಿಕಿತ್ಸೆ ಆದಂತೆಯೇ.

ದಾನಿಗಳಲ್ಲಿಯೂ ಒಂದು ಬಿನ್ನಹ. ಮಠಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ಈ ನಾಡನ್ನು ಬೆಳೆಸಿವೆ. ಸಭಾಭವನಕ್ಕೆ, ಮಹಾದ್ವಾರಕ್ಕೆ ಕೊಟ್ಟ ಧನ ಶಿಲಾಫಲಕದಲ್ಲಿ ನಿಲ್ಲುತ್ತದೆ. ಹೆಣ್ಣುಮಕ್ಕಳು ಒಂದು ಗಳಿಗೆ ಮಲಗಿ ಎದ್ದು ಮರಳಿ ತರಗತಿಗೆ ಹೋಗುವ ಕೊಠಡಿಗೆ ಯಾರ ಹೆಸರನ್ನೂ ಕೆತ್ತಿಸಬೇಕಾಗಿಲ್ಲ. ಆ ದಾಸೋಹಕ್ಕೆ ಫಲಕದ ಹಂಗಿಲ್ಲ.

ಲಿಂಗವನ್ನು ಧರಿಸಿದ ಅಂಗವು ಪ್ರಸಾದಕಾಯವೆಂಬುದು ಶರಣರ ಮತ. ಪ್ರಸಾದಕಾಯದ ವೇದನೆಯನ್ನು ಅಲ್ಪವೆಂದು ಕಡೆಗಣಿಸುವುದು ಆ ಮತಕ್ಕೆ ಒಪ್ಪುವ ನಡೆಯಲ್ಲ. ಹೆಣ್ಣಿನ ಮೈಯಲ್ಲಿ ಮೈಲಿಗೆಯಿಲ್ಲವೆಂದು ಸಾರಿದವರ ಪರಂಪರೆಗೆ ಸೇರಿದವರು, ಆ ಮೈಯಲ್ಲಿ ನೋವೂ ನಿಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಹೊರುವುದು ಯುಕ್ತವಾದುದು.