ಅಜ್ಜಿಗೆ ‘ಕೈ ಕಟ್ಟು, ಬಾಯಿ ಮುಚ್ಚು’ ಎಂದರೆ...

ಸಂಜೆಯ ಸಾಕ್ಷರತಾ ಕೇಂದ್ರಗಳಲ್ಲಿ ಇದು ಮಾಮೂಲು. ಒಬ್ಬಾಕೆ ಬರುವುದೇ ಅರ್ಧ ಗಂಟೆ ತಡ. ಇನ್ನೊಬ್ಬಾಕೆ ಕೂತಲ್ಲೇ ತೂಕಡಿಕೆ. ಹಿಂದಿನ ಸಾಲಿನಲ್ಲಿ ಸಂಘದ ಸಾಲದ ಕಂತಿನ ಮಾತು ಜೋರು. ಕಲಿಸಲು ನಿಂತ ಇಪ್ಪತ್ತರ ಸ್ವಯಂಸೇವಕಿ ತಾಳ್ಮೆಗೆಟ್ಟು, ತಾನು ಶಾಲೆಯಲ್ಲಿ ಕೇಳಿ ಬೆಳೆದ ಮಾತನ್ನೇ ಆಡಿಬಿಡುತ್ತಾಳೆ: ‘ಕೈ ಕಟ್ಟು, ಬಾಯಿ ಮುಚ್ಚು!’ ಅದೂ ಏಕವಚನದಲ್ಲಿ. ಮರುದಿನ ಚಾಪೆ ಅರ್ಧ ಖಾಲಿ.

ಬೈಸಿಕೊಂಡ ಮಗುವನ್ನು ಮಾರನೆಯ ದಿನ ಅಪ್ಪ–ಅಮ್ಮ ಮತ್ತೆ ಶಾಲೆಗೆ ಅಟ್ಟುತ್ತಾರೆ. ಅಜ್ಜಿಯನ್ನು ಅಟ್ಟುವವರು ಯಾರು?

ಹಾಗೆಂದು ಈ ಹೆಂಗಸರಿಗೆ ಶಿಸ್ತು ಗೊತ್ತಿಲ್ಲವೇ? 2000–01ರಲ್ಲಿ ರಾಜ್ಯದಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳನ್ನು ನೋಡಬೇಕು. ವಾರದ ಸಭೆ, ಉಳಿತಾಯ, ಸಾಲದ ಲೆಕ್ಕ ಎಲ್ಲಕ್ಕೂ ಕಟ್ಟುಪಾಡುಂಟು. ತಡವಾಗಿ ಬಂದವರಿಗೆ ದಂಡ ಹಾಕುವ ಸಂಘಗಳೂ ಇವೆ. ತರಗತಿಯಲ್ಲಿ ತೂಕಡಿಸುವಾಕೆ ಅಲ್ಲಿ ಆ ದಂಡ ತೆರುತ್ತಾಳೆ, ಏಕೆಂದರೆ ನಿಯಮ ಮಾಡಿದವರಲ್ಲಿ ಅವಳೂ ಒಬ್ಬಳು. ಸಾಕ್ಷರತಾ ತರಗತಿಯ ನಿಯಮವನ್ನು ಮಾತ್ರ ಬೇರೆ ಯಾರೋ ಬರೆದಿರುತ್ತಾರೆ.

ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆಯಲ್ಲಿ 2016ರ ಮಾರ್ಚ್ 8ರಂದು ಅಜ್ಜಿಯರ ಶಾಲೆ ತೆರೆಯಿತು. ಗುಲಾಬಿ ಸೀರೆಯೇ ಸಮವಸ್ತ್ರ. ಪಾಠ ಮಾತ್ರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮನೆಗೆಲಸ ಮುಗಿದು ರಾತ್ರಿಯಡುಗೆಗೆ ಇನ್ನೂ ಹೊತ್ತಿರುವಾಗ. ಶಾಲೆಯ ಗಂಟೆ ಅಜ್ಜಿಯರ ದಿನಚರಿಗೆ ಹೊಂದಿಕೊಂಡರೆ, ತಡವಾಗಿ ಬರುವುದಕ್ಕೆ ಕಾರಣವೇ ಉಳಿಯದು.

ಪುಸ್ತಕ ತೆರೆಯದೆ ಮೊಂಡು ಹಿಡಿಯುವವರದೂ ಸೊಕ್ಕಲ್ಲದಿರಬಹುದು. ನಲವತ್ತು ದಾಟಿದವರಿಗೆ ಚಾಳೀಸು ಸಹಜ; ಮಬ್ಬು ಬೆಳಕಿನಲ್ಲಿ ಒತ್ತಕ್ಷರ ಕಾಣದು, ಕಾಣದೆಂದು ಹೇಳಲು ಸಂಕೋಚ. ಅಲ್ಲಿ ಗದರಿಕೆಗಿಂತ ಕನ್ನಡಕ ಉಪಯೋಗಕ್ಕೆ ಬರುತ್ತದೆ.

ಹಿಂದಿನ ಸಾಲಿನ ಹರಟೆಗೂ ಮದ್ದುಂಟು. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ಶಿಕ್ಷಣತಜ್ಞ ಪಾಉಲೊ ಫ್ರೇರೆ ಸುಮಾರು 300 ದುಡಿಮೆಗಾರರಿಗೆ 40 ಗಂಟೆಗಳಲ್ಲಿ ಓದು–ಬರಹ ಕಲಿಸಲು ಹೊರಟರು. ಕಲಿಯುವವರು ದಿನವೂ ಆಡುವ ಪದಗಳೇ ಅಲ್ಲಿ ಪಾಠವಾದವು. ಸಾಲದ ಕಂತಿನ ಮಾತು ಕೇಳಿಬಂದಾಗ ‘ಸಾಲ’, ‘ಕಂತು’, ‘ಬಡ್ಡಿ’ ಎಂದು ಹಲಗೆಯ ಮೇಲೆ ಬರೆದರೆ, ಹರಟೆಯೇ ಪಾಠಕ್ಕೆ ಬಂದಂತೆ.

ಕುಡಿದು ಬರುವವರು, ತಪ್ಪು ಓದಿದವರನ್ನು ಗೇಲಿ ಮಾಡುವವರು, ಇಂಥವರ ಪಕ್ಕ ಕೂರಲಾರೆ ಎಂದು ಜಾತಿ ತೆಗೆಯುವವರು ಇರುತ್ತಾರೆ. ಅವರನ್ನು ಸಹಿಸಬೇಕಿಲ್ಲ. ಆದರೆ ಅವರನ್ನು ತಿದ್ದಲು ಇಪ್ಪತ್ತರ ಹುಡುಗಿಯ ಗದರಿಕೆಗಿಂತ, ಎಲ್ಲರೂ ಸೇರಿ ಮೊದಲೇ ಒಪ್ಪಿಕೊಂಡ ಕಟ್ಟಳೆಗೆ ಹೆಚ್ಚು ಬಲ.

2011ರ ಜನಗಣತಿಯಂತೆ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ 68.08. ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ 2022–27ರ ಅವಧಿಗೆ ರೂಪಿಸಿದ ‘ಉಲ್ಲಾಸ್’ ಕಾರ್ಯಕ್ರಮ ನಿಂತಿರುವುದು ಸ್ವಯಂಸೇವಕರ ಮೇಲೆ. ಅವರ ತರಬೇತಿಯಲ್ಲಿ ಕಾಗುಣಿತಕ್ಕೂ ಮುಂಚೆ ಇದಿರಲಿ: ಮೊದಲ ದಿನ ಪುಸ್ತಕ ಬಿಚ್ಚದೆ ಎಲ್ಲರನ್ನೂ ಸುತ್ತ ಕೂರಿಸಿ, ತರಗತಿಯ ಹೊತ್ತು ಯಾವುದು, ತಡವಾದರೆ ಏನು, ಸುಗ್ಗಿಯಲ್ಲಿ ಎಷ್ಟು ದಿನ ರಜೆ ಎಂದು ಅವರನ್ನೇ ಕೇಳುವುದು.