ನಮ್ಮ ಮುಂಡರಗಿ ಭೀಮರಾಯರ ಸಿನಿಮಾ ಬರಬೇಕು

ಗೆಳೆಯರೇ, ಮೊನ್ನೆ ರವಿವಾರ ಟಿವಿಯೊಳಗೆ 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಸಿನಿಮಾ ನೋಡಿದೆವು. ರಾಯಣ್ಣನನ್ನು ಗಲ್ಲಿಗೇರಿಸುವಾಗ ನಮ್ಮ ಅಜ್ಜಿ ಸೆರಗಿನಿಂದ ಕಣ್ಣು ಒರಸಿಕೊಂಡಳು. ಹಳೇ ವೀರನನ್ನು ಈಗಿನ ಮಂದಿಗೆ ತೋರಿಸಿದ್ದು ಒಳ್ಳೇದಾಯ್ತು.

ಹಾಗಾದರೆ ಮುಂಡರಗಿ ಭೀಮರಾಯರ ಸಿನಿಮಾ ಯಾಕ ಬರಬಾರದು? ಬ್ರಿಟಿಷರ ನೌಕರಿ ಮಾಡಿದವರೇ 1858ರಲ್ಲಿ ಅವರ ವಿರುದ್ಧ ಕತ್ತಿ ಹಿಡಿದರು. ಹಮ್ಮಿಗಿ ಕೆಂಚನಗೌಡರ ಜೊತೆ ಕೊಪ್ಪಳ ಕೋಟೆ ಸೇರಿ, ಅಲ್ಲಿಯೇ ಹೋರಾಡಿ ಮಡಿದರು.

‘ಸೋತವರ ಸಿನಿಮಾ ಯಾರು ನೋಡ್ತಾರಲೇ?’ ಅಂತ ನನ್ನ ಗೆಳೆಯ ಅಂದ. ಕಿತ್ತೂರು ಚೆನ್ನಮ್ಮ ಸೆರೆಯಲ್ಲಿ ತೀರಿಹೋದಳು. ರಾಯಣ್ಣ ಗಲ್ಲಿಗೇರಿದ. ಇಬ್ಬರ ಸಿನಿಮಾನೂ ಮಂದಿ ನೋಡಲಿಲ್ಲೇನು?

ಆದರೆ ಒಬ್ಬನೇ ನೂರು ಮಂದಿಯನ್ನು ಹೊಡೆದು ಹಾರಿಸುವುದು ಬ್ಯಾಡ. ಅಷ್ಟು ಶಕ್ತಿ ಇದ್ದರೆ ಕೋಟೆಯಲ್ಲಿ ಯಾಕ ಸತ್ತರು ಅಂತ ಸಣ್ಣ ಹುಡುಗರು ಕೇಳ್ತಾರ. ಸಾಯ್ತೀನಿ ಅಂತ ಗೊತ್ತಿದ್ದೂ ನಿಂತದ್ದೇ ಅವರ ದೊಡ್ಡತನ. ಮಾತೂ ನಮ್ಮ ಕಡೆಯದೇ ಇರಲಿ.

ನಾನು ಮುಂಡರಗಿ ಸಂತೆಗೆ ಎಷ್ಟೋ ಸಲ ಹೋಗೀನಿ. ಗುರುಗಳು ಹೇಳುವತನಕ ಈ ಕಥೆ ಗೊತ್ತಿರಲಿಲ್ಲ, ಅದಕ್ಕ ನಾಚಿಕೆ ಆಯ್ತು. ಸಿನಿಮಾ ಬರೋತನಕ ಕಾಯೋದು ಯಾಕ? ಈ ವರ್ಷದ ಗ್ಯಾದರಿಂಗಿನಲ್ಲಿ ನಾವೇ ನಾಟಕ ಆಡೋಣ. ಭೀಮರಾಯರ ಪಾರ್ಟು ಮಾಡುವವರು ಗುರುಗಳ ಹತ್ತಿರ ಹೆಸರು ಕೊಡ್ರಿ.

– 7ನೇ ತರಗತಿ